ಡಿಕ್ಕಿ ಹೊಡೆದ ಟೆಂಪೋದ ವೇಗ ಎಷ್ಟು? ನವಲೆ ಸೇತುವೆಯ ಇಳಿಜಾರಿನಲ್ಲಿ ತೆಗೆದ ಅಳತೆಗಳು

ಇಪ್ಪತ್ತರ ವೇಗದಲ್ಲಿದ್ದೆ ಎಂದ ಟೆಂಪೋ ಚಾಲಕ. ನೂರಿಪ್ಪತ್ತು ಎಂದ ನನ್ನ ಅಕ್ಕನ ಮಗ, ಅದೂ ಸಿಸಿಟಿವಿ ದೃಶ್ಯ ನೋಡಿ ಲೆಕ್ಕ ಹಾಕಿ. ಒಂದೇ ಅಪಘಾತ, ಒಂದೇ ವಾಹನ, ಆರು ಪಟ್ಟು ಅಂತರ. ಎರಡೂ ಕಡೆಯವರು ಪ್ರಾಮಾಣಿಕವಾಗಿಯೇ ಹೇಳುತ್ತಿದ್ದರು. ಹಾಗಾದರೆ ರಸ್ತೆ ಏನು ಹೇಳುತ್ತದೆ ಎಂದು ನೋಡಲು ಹೊರಟೆ. ಭೋಸರಿಯ ಕಾರ್ಖಾನೆಯೊಂದರಲ್ಲಿ ಅಳತೆ ತಪಾಸಣೆ ಮಾಡುವುದು ನನ್ನ ಉದ್ಯೋಗ. ಟೇಪು ಹಿಡಿಯುವುದು ಗೊತ್ತು, ಪಿಯುಸಿಯ ಭೌತಶಾಸ್ತ್ರ ಮರೆತಿಲ್ಲ. ಈ ಕೆಲಸಕ್ಕೆ ಅದಕ್ಕಿಂತ ಹೆಚ್ಚೇನೂ ಬೇಕಾಗಲಿಲ್ಲ.

ಘಟನೆ ಇಷ್ಟು. 2025ರ ಫೆಬ್ರವರಿ 7, ಶುಕ್ರವಾರ ಸಂಜೆ ಏಳರ ಹೊತ್ತು. ಪುಣೆಯ ನವಲೆ ಸೇತುವೆಗೆ ಸ್ವಲ್ಪ ಮೊದಲು, ನರ್ಹೆ ಬದಿಯ ಸರ್ವಿಸ್ ರಸ್ತೆಯಲ್ಲಿ ವಾಹನಗಳ ಸಾಲು ನಿಂತಿತ್ತು. ಸಾಲಿನ ಕೊನೆಯಲ್ಲಿ ಅಕ್ಕ-ಭಾವ ಕುಳಿತಿದ್ದ ಸಣ್ಣ ಹ್ಯಾಚ್‌ಬ್ಯಾಕ್ ಕಾರು. ಹಿಂದಿನಿಂದ ನೆಲದ ಟೈಲ್ಸ್ ತುಂಬಿಕೊಂಡು ಬಂದ ಟಾಟಾ ಏಸ್, ಇಲ್ಲಿಯವರ ಬಾಯಲ್ಲಿ ಛೋಟಾ ಹಾಥಿ, ಕಾರಿನ ಹಿಂಭಾಗದೊಳಗೆ ಮೂತಿ ತೂರಿಸಿ, ಅದನ್ನು ಮುಂದಕ್ಕೆ ತಳ್ಳಿಕೊಂಡು ಹೋಗಿ ನಿಂತಿತು. ಅಕ್ಕನ ಕುತ್ತಿಗೆಗೆ ಕಾಲರ್ ಬಿತ್ತು. ಬೇರೆ ಯಾರಿಗೂ ದೊಡ್ಡ ಪೆಟ್ಟಾಗಲಿಲ್ಲ.

ಬೆಳಗಾವಿ ಕಡೆಯಿಂದ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಪುಣೆಗೆ ಬರುವ ಕನ್ನಡಿಗರಿಗೆಲ್ಲ ಈ ಜಾಗ ಗೊತ್ತು. ಕಾತ್ರಜದ ಹೊಸ ಸುರಂಗ ದಾಟಿದ ಮೇಲೆ ನವಲೆ ಸೇತುವೆಯವರೆಗೆ ಒಂದೇ ಸಮನೆ ಇಳಿಜಾರು. 2022ರ ನವೆಂಬರ್‌ನಲ್ಲಿ ಒಂದೇ ಅಪಘಾತದಲ್ಲಿ ಹತ್ತಾರು ವಾಹನಗಳು ಜಖಂಗೊಂಡದ್ದು ಇಲ್ಲಿಯೇ.

ಫೆಬ್ರವರಿ 8, ಶನಿವಾರ ಬೆಳಿಗ್ಗೆ: ರಸ್ತೆಯ ಮೇಲಿನ ಗೆರೆ

ಬೇಕಾದದ್ದು: 30 ಮೀಟರಿನ ಫೈಬರ್ ಟೇಪು (380 ರೂಪಾಯಿ), ಸೀಮೆಸುಣ್ಣ, ಟಾರ್ಚು, ಮೊಬೈಲು, ಕಾರ್ಖಾನೆಯಿಂದ ತಂದ ಎರಡು ಹೊಳೆಯುವ ಜಾಕೆಟ್. ಅಕ್ಕನ ಮಗ ಮೇಲ್ಬದಿಯಲ್ಲಿ ಕೆಂಪು ಬಟ್ಟೆ ಹಿಡಿದು ನಿಂತ. ಸರ್ವಿಸ್ ರಸ್ತೆಯಾದ್ದರಿಂದ ಇದು ಸಾಧ್ಯವಾಯಿತು. ಮುಖ್ಯ ಹೆದ್ದಾರಿಯಲ್ಲಿ ಹೀಗೆ ಟೇಪು ಹಿಡಿದು ಯಾರೂ ಇಳಿಯಬೇಡಿ.

ವಾಹನಗಳನ್ನು ಪೊಲೀಸರು ರಾತ್ರಿಯೇ ಕ್ರೇನಿನಲ್ಲಿ ಸರಿಸಿದ್ದರು. ಆದರೆ ಭಾವ ಆ ಗಾಬರಿಯಲ್ಲೂ ಮೊಬೈಲಿನಲ್ಲಿ ಚಿತ್ರ ತೆಗೆದಿದ್ದರು. ಒಂದರಲ್ಲಿ ಟೆಂಪೋದ ಎಡ ಮುಂಗಾಲಿ ಚರಂಡಿ ಚೇಂಬರಿನ ಕಬ್ಬಿಣದ ಮುಚ್ಚಳದ ಅಂಚಿಗೆ ಸರಿಯಾಗಿ ನಿಂತಿರುವುದು ಸ್ಪಷ್ಟವಿತ್ತು. ಆ ಮುಚ್ಚಳವೇ ನನ್ನ ಸೊನ್ನೆ ಬಿಂದುವಾಯಿತು. ಉಳಿದ ಅಳತೆಗಳೆಲ್ಲ ಅಲ್ಲಿಂದ ಹಿಂದಕ್ಕೆ.

ಎಡಗಾಲಿಯ ಕಪ್ಪು ಗೆರೆ ಒಟ್ಟು 16.5 ಮೀಟರ್ ಉದ್ದ. ಇದನ್ನು ಹಾಗೆಯೇ ಲೆಕ್ಕಕ್ಕೆ ಹಾಕಬಾರದು. ಗೆರೆಯ ಆರಂಭದ ತುದಿ ಹಿಂದಿನ ಗಾಲಿ ಎಳೆದದ್ದು, ಕೊನೆಯ ತುದಿ ಮುಂದಿನ ಗಾಲಿ ನಿಂತ ಜಾಗ. ಟೆಂಪೋದ ಎರಡು ಅಚ್ಚುಗಳ ನಡುವಿನ ಅಂತರ 2.1 ಮೀಟರ್. ಅದನ್ನು ಕಳೆದರೆ ವಾಹನ ನಿಜವಾಗಿ ಜಾರಿದ್ದು 14.4 ಮೀಟರ್.

ಇನ್ನು ಈ 14.4ರಲ್ಲಿ ಡಿಕ್ಕಿಗೆ ಮೊದಲು ಎಷ್ಟು, ನಂತರ ಎಷ್ಟು? ಮಂಡಿಯೂರಿ, ಟಾರ್ಚನ್ನು ನೆಲಕ್ಕೆ ತಾಗಿಸಿ ಅಡ್ಡಬೆಳಕಿನಲ್ಲಿ ಗೆರೆಯುದ್ದಕ್ಕೂ ನೋಡುತ್ತಾ ಹೋದೆ. ಮೇಲ್ಬದಿಯಲ್ಲಿ ಗೆರೆ ತೆಳುವಾಗಿ, ಎರಡು ಅಂಚು ಮಾತ್ರ ಕಪ್ಪಾಗಿದ್ದವು. ಒಂದು ಜಾಗದಲ್ಲಿ ಅದು ಎರಡು ಬೆರಳಿನಷ್ಟು ಎಡಕ್ಕೆ ಸರಿದು, ಅಗಲವಾಗಿ, ದಟ್ಟವಾಗಿ, ಅಂಗೈಯಷ್ಟು ಉದ್ದಕ್ಕೆ ಹೊಳೆಯುವ ಕಪ್ಪಾಗಿತ್ತು. ಡಿಕ್ಕಿಯಾದಾಗ ಮೂತಿ ಕೆಳಕ್ಕೆ ಒತ್ತಿ ಮುಂಗಾಲಿಯ ಮೇಲೆ ಭಾರ ಬಿದ್ದ ಗುರುತು ಅದು. ಅದರ ಸ್ವಲ್ಪ ಮುಂದೆ, ಕಾರಿನ ಹಿಂಗಾಲಿ ಇದ್ದಿರಬೇಕಾದ ಜಾಗದಲ್ಲಿ, ಮಡ್‌ಗಾರ್ಡಿನ ಒಳಗಿನಿಂದ ಉದುರಿದ ಒಣಮಣ್ಣಿನ ಹೆಂಟೆಗಳಿದ್ದವು. ಕೆಂಪು ದೀಪದ ಪ್ಲಾಸ್ಟಿಕ್ ಚೂರುಗಳು ಮೂರು ನಾಲ್ಕು ಮೀಟರ್ ದೂರಕ್ಕೆ ಚದುರಿದ್ದವು. ಚೂರು ಸಿಡಿಯುತ್ತದೆ, ಮಣ್ಣು ನೇರ ಕೆಳಗೆ ಬೀಳುತ್ತದೆ. ಆದ್ದರಿಂದ ಮಣ್ಣನ್ನೇ ನಂಬಿದೆ.

ಆ ದಟ್ಟ ಗುರುತಿನಿಂದ ಚೇಂಬರಿನ ಮುಚ್ಚಳಕ್ಕೆ 5.8 ಮೀಟರ್. ಅಂದರೆ ಡಿಕ್ಕಿಗೆ ಮೊದಲು ಜಾರಿದ್ದು 8.6 ಮೀಟರ್. ಎರಡರಲ್ಲೂ 20 ಸೆಂ.ಮೀ. ಹೆಚ್ಚುಕಡಿಮೆ ಎಂದು ಬರೆದುಕೊಂಡೆ.

ಕಾರಿನದ್ದು ಒಂದೇ ಒಂದು ಗೆರೆ, ಎಡ ಹಿಂಗಾಲಿಯದ್ದು. ಉಳಿದ ಮೂರು ಗಾಲಿಗಳ ಗುರುತು ಟಾರ್ಚಿನ ಬೆಳಕಿನಲ್ಲೂ ಸಿಗಲಿಲ್ಲ. ಈ ಸಂಗತಿಗೆ ಎಷ್ಟು ಬೆಲೆಯಿದೆ ಎಂಬುದು ಆಗ ಹೊಳೆದಿರಲಿಲ್ಲ.

ಅದೇ ದಿನ ಸಂಜೆ: ನೂರಿಪ್ಪತ್ತು ಎಲ್ಲಿಂದ ಬಂತು

ಇಳಿಜಾರಿನ ಮೇಲ್ಬದಿಯಲ್ಲಿ ಹಾಲಿನ ಡೇರಿಯೊಂದಿದೆ. ಅದರ ಕ್ಯಾಮೆರಾದಲ್ಲಿ ಟೆಂಪೋ ಬ್ರೇಕು ಹಾಕುವುದಕ್ಕೆ ಮೊದಲು ಹಾದುಹೋಗುವುದು ಕಾಣುತ್ತದೆ. ಇಂಥ ಯಂತ್ರಗಳು ಕೆಲವೇ ದಿನಗಳಲ್ಲಿ ಹಳೆಯದನ್ನು ಅಳಿಸಿ ಹೊಸದನ್ನು ಬರೆದುಕೊಳ್ಳುತ್ತವೆ. ಆದ್ದರಿಂದ ಪೆನ್‌ಡ್ರೈವ್ (350 ರೂಪಾಯಿ) ಹಿಡಿದು ಮರುದಿನವೇ ಹೋದೆವು. ಡೇರಿಯ ಮಾಲೀಕರು ಸಂತೋಷದಿಂದ ಕೊಟ್ಟರು.

ಅಕ್ಕನ ಮಗನ ಲೆಕ್ಕ ಹೀಗಿತ್ತು. ವಿದ್ಯುತ್ ಕಂಬದಿಂದ ಡೇರಿಯ ಮೆಟ್ಟಿಲಿನವರೆಗೆ 9.3 ಮೀಟರ್. ಮುಂಗಾಲಿ ಅದನ್ನು ದಾಟಲು 7 ಫ್ರೇಮ್. ಯಂತ್ರದ ಮೇಲೆ ಸೆಕೆಂಡಿಗೆ 25 ಫ್ರೇಮ್ ಎಂದು ಬರೆದಿದೆ. 7 ಭಾಗಿಸು 25 ಅಂದರೆ 0.28 ಸೆಕೆಂಡ್, ಸೆಕೆಂಡಿಗೆ 33 ಮೀಟರ್, ಗಂಟೆಗೆ 119.6 ಕಿ.ಮೀ. ಗುಣಾಕಾರ, ಭಾಗಾಕಾರ ಎಲ್ಲ ಸರಿ.

ತಪ್ಪಿದ್ದು ಆ 25. ದೃಶ್ಯದ ಮೂಲೆಯಲ್ಲಿ ಓಡುವ ಗಡಿಯಾರವಿದೆ. ಅದರಲ್ಲಿ ಒಂದು ಸೆಕೆಂಡು ಬದಲಾಗುವಷ್ಟರಲ್ಲಿ ಎಷ್ಟು ಫ್ರೇಮ್ ಸರಿಯುತ್ತವೆ ಎಂದು ಒಂದೊಂದಾಗಿ ಎಣಿಸಿದೆವು. 12, 12, 11, 13, 12. ಜಾಗ ಉಳಿಸಲು ಯಂತ್ರವನ್ನು ಸೆಕೆಂಡಿಗೆ 12 ಫ್ರೇಮಿಗೆ ಇಳಿಸಿಟ್ಟಿದ್ದರು. ಅಂದರೆ ಸಮಯ 0.58 ಸೆಕೆಂಡ್, ವೇಗ 57 ಕಿ.ಮೀ. ಒಂದು ಫ್ರೇಮ್ ಆಚೀಚೆಯಾದರೆ 50ರಿಂದ 67. ಅಂತರ ದೊಡ್ಡದು, ಆದರೂ ನೂರಿಪ್ಪತ್ತು ಅಲ್ಲಿಗೆ ಬಿದ್ದುಹೋಯಿತು.

9.3 ಮೀಟರನ್ನೂ ಮತ್ತೆ ಅಳೆದೆವು. ಕ್ಯಾಮೆರಾ ಓರೆಯಾಗಿ ನೋಡುವುದರಿಂದ ಕಂಬದ ನೇರಕ್ಕೆ ಕಂಡ ಗಾಲಿ ರಸ್ತೆಯಲ್ಲಿ ಕಂಬದ ನೇರಕ್ಕೆ ಇರುವುದಿಲ್ಲ. ನಾನು ಗಾಲಿ ಹೋದ ಜಾಡಿನಲ್ಲಿ ಕೋಲು ಹಿಡಿದು ನಿಂತೆ. ಮಾಲೀಕರು ಪರದೆ ನೋಡುತ್ತಾ ಒಳಗಿನಿಂದ ‘ಥೋಡಂ ಪುಢೆ’ (ಸ್ವಲ್ಪ ಮುಂದೆ), ‘ಮಾಗೆ, ಮಾಗೆ’ (ಹಿಂದೆ, ಹಿಂದೆ) ಎಂದು ಕೂಗಿ ಹೇಳಿದರು. ಎರಡೂ ಬದಿ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಸರಿದಿದ್ದರಿಂದ ಅಂತರ ಮತ್ತೆ 9.3ಕ್ಕೇ ಬಂತು. ಇಲ್ಲಿ ಬಂತು, ಎಲ್ಲ ಕಡೆ ಬರುವುದಿಲ್ಲ.

ಫೆಬ್ರವರಿ 10, ಸೋಮವಾರ: ಗ್ಯಾರೇಜಿನಲ್ಲಿ ಕಾರು

ಗ್ಯಾರೇಜಿನಲ್ಲಿ ಅದೇ ಮಾದರಿಯ ಇನ್ನೊಂದು ಕಾರು ಸರ್ವಿಸಿಗೆ ಬಂದಿತ್ತು. ಅದರ ಹಿಂದಿನ ಅಚ್ಚಿನಿಂದ ಬಂಪರಿನವರೆಗಿನ ಅಳತೆ ತೆಗೆದು, ಜಖಂಗೊಂಡ ಕಾರಿನ ಹಿಂದೆ ಅಷ್ಟೇ ದೂರದಲ್ಲಿ ಎರಡು ಸ್ಟ್ಯಾಂಡಿಗೆ ದಾರ ಕಟ್ಟಿದೆ. ದಾರದಿಂದ ಒಳಹೋದ ತಗಡಿನವರೆಗೆ ಸಮಾನ ಅಂತರದ ಆರು ಕಡೆ ಅಳೆದೆ: 24, 31, 36, 37, 34, 27 ಸೆಂ.ಮೀ. ತುದಿಯ ಎರಡನ್ನು ಅರ್ಧ ಹಿಡಿದು ಸರಾಸರಿ ತೆಗೆದರೆ 32.7. ಟೆಂಪೋದ ಮೂತಿ ಒಳಹೋದದ್ದು ಸುಮಾರು 11 ಸೆಂ.ಮೀ.

ಎಡಬದಿಯ ತಗಡು ಮಡಿಸಿ ಹಿಂಗಾಲಿಗೆ ಕಚ್ಚಿಕೊಂಡಿತ್ತು. ರಸ್ತೆಯಲ್ಲಿ ಕಂಡ ಒಂಟಿ ಗೆರೆಗೆ ಕಾರಣ ಸಿಕ್ಕಿತು.

ಭಾವ ಮೊದಲಿನಿಂದಲೂ ಹೇಳುತ್ತಿದ್ದದ್ದು, ‘ನಾನು ಬ್ರೇಕು ಒತ್ತಿಹಿಡಿದೇ ನಿಂತಿದ್ದೆ’ ಎಂದು. ಕಾರು 2015ರ ಮಾದರಿ, ಎಬಿಎಸ್ (ಜೋರು ಬ್ರೇಕಿನಲ್ಲಿ ಗಾಲಿ ಬಿಗಿಯದಂತೆ ನೋಡಿಕೊಳ್ಳುವ ವ್ಯವಸ್ಥೆ) ಇಲ್ಲ. ಬ್ರೇಕನ್ನು ಗಟ್ಟಿಯಾಗಿ ಒತ್ತಿದ್ದರೆ ಉಳಿದ ಗಾಲಿಗಳೂ ಕಪ್ಪು ಗೆರೆ ಬಿಡಬೇಕಿತ್ತು. ಆದರೆ ಅರ್ಧ ಒತ್ತಿದ ಬ್ರೇಕು ಗೆರೆ ಬಿಡದೆಯೂ ತಡೆಯಬಲ್ಲದು. ಹಾಗಾಗಿ ಗೆರೆ ಇಲ್ಲ ಎಂದ ಮಾತ್ರಕ್ಕೆ ಬ್ರೇಕು ಇರಲಿಲ್ಲ ಎನ್ನಲಾಗದು.

ಉತ್ತರ ಸಿಕ್ಕಿದ್ದು ಬಲ್ಬಿನಲ್ಲಿ. ಎಡ ಹಿಂದೀಪ ಪುಡಿಯಾಗಿತ್ತು, ಬಲದ್ದು ಉಳಿದಿತ್ತು. ಅದರ ಗಾಜಿನೊಳಗೆ ಎರಡು ತಂತಿಗಳಿರುತ್ತವೆ. 5 ವ್ಯಾಟಿನದು ರಾತ್ರಿ ದೀಪಕ್ಕೆ, 21 ವ್ಯಾಟಿನದು ಬ್ರೇಕ್ ದೀಪಕ್ಕೆ. ಉರಿಯುತ್ತಿರುವ ತಂತಿ ಮೆತ್ತಗಿರುತ್ತದೆ, ಜೋರಾದ ಹೊಡೆತಕ್ಕೆ ಹಿಗ್ಗಿ ಸುರುಳಿ ಸಡಿಲವಾಗುತ್ತದೆ. ತಣ್ಣಗಿದ್ದ ತಂತಿ ಒಂದೋ ಹಾಗೇ ಇರುತ್ತದೆ, ಇಲ್ಲವೇ ಪಟ್ಟನೆ ತುಂಡಾಗುತ್ತದೆ. ಕಾರ್ಖಾನೆಯ ಹತ್ತು ಪಟ್ಟಿನ ಭೂತಗನ್ನಡಿ ಹಿಡಿದು ನೋಡಿದೆ. 5 ವ್ಯಾಟಿನ ತಂತಿ ಸುರುಳಿ ಬಿಚ್ಚಿ ಒಂದು ಬದಿಗೆ ಜೋತುಬಿದ್ದಿತ್ತು. ಪಕ್ಕದಲ್ಲೇ 21 ವ್ಯಾಟಿನ ತಂತಿ ಹೊಸ ಬಲ್ಬಿನಲ್ಲಿದ್ದಂತೆ ಒಂದೇ ಸಮನಾದ ಸುರುಳಿಯಲ್ಲಿ ನೆಟ್ಟಗೆ ನಿಂತಿತ್ತು. ಪೆಟ್ಟು ಬಿದ್ದ ಗಳಿಗೆಯಲ್ಲಿ ಬ್ರೇಕ್ ದೀಪ ಉರಿಯುತ್ತಿರಲಿಲ್ಲ.

ಭಾವನಿಗೆ ಬಲ್ಬನ್ನೂ ಕನ್ನಡಿಯನ್ನೂ ಕೊಟ್ಟೆ. ಬಹಳ ಹೊತ್ತು ನೋಡಿದರು. ‘ಮುಂದಿನ ರಿಕ್ಷಾ ಆಗಷ್ಟೇ ಹೊರಟಿತ್ತು. ಕ್ಲಚ್ ಒತ್ತಿ ಗೇರು ಹಾಕಿದ್ದೆ. ಬ್ರೇಕಿನಿಂದ ಕಾಲು ಎತ್ತಿರಬೇಕು’ ಎಂದರು. ಇದು ಟೆಂಪೋ ಚಾಲಕನ ತಪ್ಪನ್ನು ಕಡಿಮೆ ಮಾಡುವುದಿಲ್ಲ. ಆದರೆ ಲೆಕ್ಕವನ್ನು ಪೂರ್ತಿ ಬದಲಿಸುತ್ತದೆ, ಅದು ಮುಂದೆ ಗೊತ್ತಾಗುತ್ತದೆ.

ಫೆಬ್ರವರಿ 11, ಮಂಗಳವಾರ: ತೂಕ, ಮತ್ತು ಚಾಲಕನ ಮಾತು

ಚಾಲಕ ಇಂಡಿ ತಾಲ್ಲೂಕಿನ ಹುಡುಗ. ಮರಾಠಿಯಲ್ಲಿ ಬಿಗಿದುಕೊಂಡು ಮಾತನಾಡುತ್ತಿದ್ದವನು ನಾನು ಕನ್ನಡದಲ್ಲಿ ಮಾತು ತೆಗೆದ ಮೇಲೆ ಸಡಿಲವಾದ. ಆರ್‌ಸಿ ತೋರಿಸಿದ, ಸರಕಿನ ಚಲನ್ ಕೊಟ್ಟ. ಒಡೆಯದೆ ಉಳಿದಿದ್ದ ಒಂದು ಟೈಲ್ಸ್ ಪೆಟ್ಟಿಗೆಯನ್ನು ನಾನು ತಂದಿದ್ದ ತಕ್ಕಡಿಯ ಮೇಲೆ ತಾನೇ ಎತ್ತಿಟ್ಟ.

ಟೆಂಪೋ: ಖಾಲಿ ತೂಕ 865, ಚಲನ್ ಪ್ರಕಾರ 20 ಪೆಟ್ಟಿಗೆ, ಪೆಟ್ಟಿಗೆಗೆ 28.2ರಂತೆ 564, ಚಾಲಕ ಮತ್ತು ಸಹಾಯಕ 119. ಒಟ್ಟು 1,548, ಲೆಕ್ಕಕ್ಕೆ 1,550 ಕೆ.ಜಿ.

ಕಾರು: ಖಾಲಿ ತೂಕ 825, ಭಾವ 82, ಅಕ್ಕ 64, ಚೀಲ 9. ಒಟ್ಟು 980 ಕೆ.ಜಿ.

ಪೆಟ್ಟಿಗೆಗಳನ್ನು ಹಗ್ಗದಿಂದ ಕಟ್ಟಿದ್ದರು. ಒಂದು ಗೇಣಿನಷ್ಟು ಮುಂದೆ ಜಾರಿದ್ದವು, ಹಾರಿರಲಿಲ್ಲ. ಆದ್ದರಿಂದ ಸರಕಿನ ತೂಕವನ್ನು ಪೂರ್ತಿಯಾಗಿ ಹಿಡಿದೆ.

‘ಇಪ್ಪತ್ತಕ್ಕಿಂತ ಹೆಚ್ಚಿರಲಿಲ್ಲ ಕಾಕಾ, ದೇವರಾಣೆ’ ಎಂದ.

‘ಮೀಟರ್ ನೋಡಿದೆಯಾ?’

‘ಮೀಟರಿನ ಕೇಬಲ್ ತುಂಡಾಗಿ ವರ್ಷವಾಯಿತು.’

‘ಯಾವ ಗೇರಿನಲ್ಲಿದ್ದೆ?’

ಸ್ವಲ್ಪ ತಡೆದು ಹೇಳಿದ, ‘ನ್ಯೂಟ್ರಲ್. ಮೇಲಿನಿಂದ ಹಾಗೇ ಬಿಟ್ಟುಕೊಂಡು ಬಂದೆ. ಡೀಸೆಲ್ ಉಳಿಯುತ್ತದಲ್ಲ.’

ಅವನು ಸುಳ್ಳು ಹೇಳುತ್ತಿರಲಿಲ್ಲ ಎಂದು ನನಗೆ ಖಾತ್ರಿಯಾದದ್ದು ಇಲ್ಲಿ. ಮೀಟರಿಲ್ಲದ ಗಾಡಿಯನ್ನು ಓಡಿಸುವವನಿಗೆ ವೇಗ ತಿಳಿಯುವುದು ಎಂಜಿನ್ನಿನ ಸದ್ದಿನಿಂದ. ನ್ಯೂಟ್ರಲ್‌ನಲ್ಲಿ ಎಂಜಿನ್ ನಿಂತ ಗಾಡಿಯ ಹಾಗೆ ಗುನುಗುಟ್ಟುತ್ತಿರುತ್ತದೆ. ಕಿವಿ ಇಪ್ಪತ್ತು ಎನ್ನುತ್ತಿದ್ದಾಗ ಗಾಲಿಗಳ ಓಟವೇ ಬೇರೆ. ಹೆದ್ದಾರಿಯಿಂದ ಸರ್ವಿಸ್ ರಸ್ತೆಗೆ ಇಳಿಯುವಾಗ ಇದ್ದ ವೇಗವನ್ನು ಇಳಿಜಾರು ಹಾಗೇ ಕಾಪಾಡಿಕೊಂಡು ಬಂದಿತ್ತು.

ಫೆಬ್ರವರಿ 9ರಿಂದ 23: ರಸ್ತೆಯ ಹಿಡಿತ ಅಳೆಯುವುದು

ಈ ಕೆಲಸಕ್ಕೇ ಹೆಚ್ಚು ಹೊತ್ತು ಹಿಡಿಯಿತು, ಹಿಡಿಯಬೇಕಾದದ್ದೇ. ಒಣ ಡಾಂಬರಿನ ಘರ್ಷಣಾಂಕ (ಜಾರಿಸಲು ಬೇಕಾದ ಸೆಳೆತ ಭಾರದ ಎಷ್ಟು ಪಾಲು ಎಂಬ ಅಂಕಿ) 0.7 ಎಂದು ಹಿಡಿದು ಲೆಕ್ಕ ಮುಗಿಸುವವರಿದ್ದಾರೆ. ಆದರೆ ಈ ರಸ್ತೆ ಗಾಲಿ ಜಾಡಿನಲ್ಲಿ ಸವೆದು ನುಣುಪಾಗಿದೆ, ಅಂಚಿನಲ್ಲಿ ಮರಳು ಹುಡಿಯಿದೆ. ಅದೇ ಜಾಗದಲ್ಲಿ ಅದೇ ಬಗೆಯ ಟೈರನ್ನು ಎಳೆದು ನೋಡದೆ ಯಾವ ಸಂಖ್ಯೆಯನ್ನೂ ನಾನು ಒಪ್ಪಲಾರೆ.

ಎಳೆಯಲು ಒಂದು ದಿಮ್ಮಿ ಮಾಡಿದೆ. ಪಂಕ್ಚರ್ ಅಂಗಡಿಯಿಂದ ಏಸ್ ಗಾಡಿಯದೇ ಹಳೆಯ ಟೈರಿನ ತುಂಡು (100 ರೂಪಾಯಿ), ಒಳಗೆ ಸಿಮೆಂಟು-ಮರಳು (120 ರೂಪಾಯಿ), ಎಳೆಯಲು ಕಬ್ಬಿಣದ ಕೊಂಡಿ. ಒಣಗಿದ ಮೇಲೆ ತೂಕ 18.5 ಕೆ.ಜಿ. ಬೋಹ್ರಿ ಆಳಿಯಿಂದ 450 ರೂಪಾಯಿಗೆ ಡಿಜಿಟಲ್ ತೂಗುತಕ್ಕಡಿ ತಂದೆ.

16ರ ಭಾನುವಾರದ ಎಳೆತ ಕೆಲಸಕ್ಕೆ ಬರಲಿಲ್ಲ. ಟೈರು ಕಮಾನಿನಂತೆ ಬಾಗಿದ್ದರಿಂದ ನಡುವಿನ ನಾಲ್ಕು ಬೆರಳಷ್ಟೇ ನೆಲಕ್ಕೆ ತಾಗಿ ದಿಮ್ಮಿ ತೊಟ್ಟಿಲಂತೆ ತೂಗಾಡಿತು. ಕೊಂಡಿ ಎತ್ತರದಲ್ಲಿದ್ದುದರಿಂದ ಎಳೆದಾಗ ಹಿಂಬದಿ ಎದ್ದು ಮೂತಿ ನೆಲಕ್ಕೆ ಒತ್ತುತ್ತಿತ್ತು. ಡಿಜಿಟಲ್ ತಕ್ಕಡಿಯದು ಇನ್ನೊಂದು ತೊಂದರೆ. ಅದು ಅತಿ ಹೆಚ್ಚಿನ ಅಂಕಿಯನ್ನು ಹಿಡಿದು ನಿಲ್ಲಿಸಿಬಿಡುತ್ತದೆ. ನಿಂತ ದಿಮ್ಮಿಯನ್ನು ಕದಲಿಸುವ ಮೊದಲ ಸೆಳೆತವೇ ಅತಿ ಹೆಚ್ಚು. ನನಗೆ ಬೇಕಿದ್ದದ್ದು ಜಾರುತ್ತಿರುವಾಗಿನ ಸೆಳೆತ.

ಟೈರಿನ ಎರಡು ತುದಿ ಕತ್ತರಿಸಿ, ಗಾರೆಯ ಮೇಲೆ ಚಪ್ಪಟೆಯಾಗಿ ಕೂರುವಂತೆ ಮೊಳೆ ಹೊಡೆದು, ಕೊಂಡಿಯನ್ನು ನೆಲದಿಂದ ಎರಡು ಬೆರಳಿನ ಎತ್ತರಕ್ಕೆ ಇಳಿಸಿದೆ. ಮತ್ತೆ ತೂಗಿದರೂ 18.5 ಕೆ.ಜಿ.ಯೇ ಇರುವಂತೆ ಕಬ್ಬಿಣದ ತುಂಡು ಸೇರಿಸಿದೆ. ಜುನಾ ಬಜಾರಿನಿಂದ 25 ಕೆ.ಜಿ.ಯ ಮುಳ್ಳಿನ ಸ್ಪ್ರಿಂಗ್ ತಕ್ಕಡಿ ತಂದು (350 ರೂಪಾಯಿ), 10 ಕೆ.ಜಿ.ಯ ಗೋಧಿಹಿಟ್ಟಿನ ಚೀಲ ನೇತುಹಾಕಿ ಪರೀಕ್ಷಿಸಿದೆ. ಎಳೆಯುವಾಗ ಮುಳ್ಳಿನ ವಿಡಿಯೊ ತೆಗೆದು, ಆಮೇಲೆ ನಿಧಾನಗತಿಯಲ್ಲಿ ನೋಡಿ ಸರಾಸರಿ ಬರೆದುಕೊಂಡೆ.

23ರ ಭಾನುವಾರ ಬೆಳಿಗ್ಗೆ ಗಾಲಿ ಜಾಡಿನಲ್ಲಿ ಏರಿಗೆ ಎಳೆದಾಗ 12.8 ಕೆ.ಜಿ., ಇಳಿಜಾರಿಗೆ ಎಳೆದಾಗ 11.6. ಎರಡರ ಸರಾಸರಿ 12.2. ಅದನ್ನು 18.5ರಿಂದ ಭಾಗಿಸಿದರೆ 0.66, ಇದು ಘರ್ಷಣಾಂಕ. ಎರಡರ ವ್ಯತ್ಯಾಸದ ಅರ್ಧವನ್ನು 18.5ರಿಂದ ಭಾಗಿಸಿದರೆ 0.032, ಇದು ಇಳಿಜಾರು. ಇಳಿಜಾರನ್ನು ಬೇರೆಯಾಗಿ ಗಾರೆ ಕೆಲಸದವರ ನೀರಿನ ಪೈಪಿನಿಂದಲೂ (12 ಮೀಟರ್, 240 ರೂಪಾಯಿ) ನೋಡಿದೆ: 10 ಮೀಟರಿಗೆ 32 ಸೆಂ.ಮೀ. ಇಳಿತ. ದಿಮ್ಮಿಯೂ ನೀರೂ ಒಂದೇ ಉತ್ತರ ಕೊಟ್ಟಾಗ ಆದ ಸಂತೋಷ ದೊಡ್ಡದು.

ಮರಳು ಹುಡಿಯಿದ್ದ ಅಂಚಿನಲ್ಲಿ 0.55 ಬಂತು. ಟೆಂಪೋ ಜಾಡಿನಲ್ಲೇ ಇತ್ತು, ಆದರೂ ಅಲ್ಲಲ್ಲಿ ಹುಡಿ ಇದ್ದಿರಬಹುದೆಂದು ಕೆಳಮಿತಿಯನ್ನು 0.60 ಎಂದಿಟ್ಟೆ.

ಮೇಲಿನ ಮಿತಿಗೆ, ಮೊಬೈಲಿನ ಸೆನ್ಸರುಗಳಿಂದ ಅಳತೆ ತೆಗೆಯುವ ಫೈಫಾಕ್ಸ್ ಎಂಬ ಉಚಿತ ಆ್ಯಪ್ ಬಳಸಿದೆ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿದ್ದು. ಎಬಿಎಸ್ ಇಲ್ಲದ ನನ್ನ ಹಳೆಯ ಕಾರಿನಲ್ಲಿ ಬೆಳಗಿನ ಖಾಲಿ ರಸ್ತೆಯಲ್ಲಿ 30 ಕಿ.ಮೀ. ವೇಗದಿಂದ ಪೂರ್ತಿ ಬ್ರೇಕು. ಡ್ಯಾಶ್‌ಬೋರ್ಡಿನ ಹಿಡಿಕೆಯಲ್ಲಿಟ್ಟಾಗ ಮೊಬೈಲು ನಡುಗಿ ಗ್ರಾಫು ಗೀಚಿದಂತಾಯಿತು. ಗೇರಿನ ಪಕ್ಕ ನೆಲಕ್ಕೆ ಎರಡು ಬದಿಯ ಟೇಪಿನಿಂದ ಅಂಟಿಸಿದ ಮೇಲೆ ಸರಿಹೋಯಿತು. ವೇಗ ತಗ್ಗಿದ ದರ ಪ್ರತಿ ಸೆಕೆಂಡಿಗೂ, ಸೆಕೆಂಡಿಗೆ 7.0 ಮೀಟರ್ ಎಂದು ಬಂತು. ಬ್ರೇಕು ಹಾಕಿದಾಗ ಕಾರಿನ ಮೂತಿ ತಗ್ಗಿ ಮೊಬೈಲೂ ಸುಮಾರು ಎರಡು ಡಿಗ್ರಿ ಬಾಗುವುದರಿಂದ ಅದರಲ್ಲಿ 0.3 ಸುಳ್ಳು. ಅದನ್ನು ಕಳೆದು, ಇಳಿಜಾರು ಕೂಡಿಸಿದರೆ ಘರ್ಷಣಾಂಕ 0.72. ಕಾರಿನ ಟೈರು ಸರಕು ಗಾಡಿಯ ಟೈರಿಗಿಂತ ಮೆದು. ಆದ್ದರಿಂದ ಇದು ಮೇಲ್ಮಿತಿ.

ಲೆಕ್ಕ

ಮೊದಲಿನಿಂದ ಕೊನೆಗಲ್ಲ, ಕೊನೆಯಿಂದ ಮೊದಲಿಗೆ ಬರಬೇಕು.

ಮೊದಲು, ಎರಡೂ ಒಂದಾಗಿ 5.8 ಮೀಟರ್ ಹೋದದ್ದು. ತಡೆದ ಬಲಗಳು (ಕೆ.ಜಿ. ಭಾರದ ಲೆಕ್ಕದಲ್ಲಿ): ಟೆಂಪೋದ ನಾಲ್ಕೂ ಗಾಲಿ ಬಿಗಿದಿದ್ದರಿಂದ 1,550 × 0.66 = 1,023. ಕಾರಿನ ಎಡ ಹಿಂಗಾಲಿಯ ಮೇಲಿನ ಭಾರ ಸುಮಾರು 215, ಅದರ ತಡೆ 142. ಉರುಳುತ್ತಿದ್ದ ಮೂರು ಗಾಲಿಗಳದ್ದು 15. ಒಟ್ಟು 1,180. ಇಳಿಜಾರು ಮುಂದಕ್ಕೆ ಎಳೆದದ್ದು 2,530 × 0.032 = 81. ಉಳಿದದ್ದು 1,099. ಒಟ್ಟು ತೂಕ 2,530ರಿಂದ ಭಾಗಿಸಿದರೆ 0.434.

ವೇಗದ ವರ್ಗ = 2 × 9.81 (ಭೂಮಿಯ ಗುರುತ್ವದ ಅಂಕಿ) × 0.434 × 5.8 = 49.4. ವೇಗ ಸೆಕೆಂಡಿಗೆ 7.03 ಮೀಟರ್, ಅಂದರೆ 25.3 ಕಿ.ಮೀ. ಡಿಕ್ಕಿಯಾದ ಕೂಡಲೇ ಎರಡೂ ವಾಹನಗಳಿಗಿದ್ದ ವೇಗ ಇದು.

ನಂತರ, ಡಿಕ್ಕಿ. ವಾಹನಗಳು ಒಂದಕ್ಕೊಂದು ಕಚ್ಚಿಕೊಂಡೇ ನಿಂತಿದ್ದರಿಂದ ಪುಟಿಯುವಿಕೆಯನ್ನು ಬಿಟ್ಟೆ. ಸಂವೇಗ (ತೂಕ × ವೇಗ) ಡಿಕ್ಕಿಯ ಮೊದಲೂ ನಂತರವೂ ಅಷ್ಟೇ ಉಳಿಯುವ ನಿಯಮದಿಂದ ಟೆಂಪೋದ ವೇಗ = 7.03 × 2,530 ÷ 1,550 = 11.47 ಮೀಟರ್, ಅಂದರೆ 41 ಕಿ.ಮೀ.

ಕೊನೆಗೆ, ಡಿಕ್ಕಿಗೆ ಮೊದಲಿನ 8.6 ಮೀಟರ್ ಜಾರಿಕೆ. ಇಳಿಜಾರು ಕಳೆದ ಹಿಡಿತ 0.628. 131.6 + 2 × 9.81 × 0.628 × 8.6 = 237.5. ವರ್ಗಮೂಲ 15.4, ಅಂದರೆ 55 ಕಿ.ಮೀ.

ಕೆಳಮಿತಿ, ಮೇಲ್ಮಿತಿಗಳನ್ನು ಇದೇ ದಾರಿಯಲ್ಲಿ ಹಾಕಿದರೆ, ಗುದ್ದಿದಾಗ 38ರಿಂದ 44, ಬ್ರೇಕಿನ ಗೆರೆ ಶುರುವಾದಾಗ 52ರಿಂದ 59. ಗೆರೆ ಮೂಡುವುದಕ್ಕೆ ಮೊದಲೇ ಬ್ರೇಕು ಸ್ವಲ್ಪ ವೇಗ ತಿಂದಿರುತ್ತದೆ. ಆದ್ದರಿಂದ ಎರಡನೆಯದು ಕನಿಷ್ಠವೆಂದೇ ತಿಳಿಯಬೇಕು. ಕ್ಯಾಮೆರಾದ 57 ಇದಕ್ಕೆ ಹೊಂದುತ್ತದೆ. ಭಾವನ ಕಾರು ಆಗಲೇ ಗಂಟೆಗೆ 3 ಕಿ.ಮೀ.ಯಷ್ಟು ಮುಂದೆ ತೆವಳಿದ್ದರೆ ಗುದ್ದಿದ ವೇಗ 2 ಕಿ.ಮೀ. ಕಡಿಮೆಯಾಗುತ್ತದೆ, ಅಷ್ಟೇ.

ಈಗ ಬಲ್ಬಿನ ಮಾತು. ಭಾವ ಬ್ರೇಕು ಪೂರ್ತಿ ಒತ್ತಿದ್ದರೆಂದು ಹಿಡಿದು ಅದೇ ಲೆಕ್ಕ ಹಾಕಿದರೆ ಗುದ್ದಿದ ವೇಗ 41ರ ಬದಲು 50 ಬರುತ್ತದೆ. ನಮ್ಮವರ ಮಾತನ್ನು ನಂಬಿ, ತಂತಿಯನ್ನು ನೋಡದೆ ಬಿಟ್ಟಿದ್ದರೆ ಆ ಹುಡುಗನ ತಲೆಗೆ ಇಲ್ಲದ 9 ಕಿ.ಮೀ. ಕಟ್ಟಿದಂತಾಗುತ್ತಿತ್ತು. ಅಪಘಾತದ ವೇಗವನ್ನು ಒಂದೇ ಸಂಖ್ಯೆಯಾಗಿ ಯಾರಾದರೂ ಹೇಳಿದರೆ, ಉರುಳಿದ ಗಾಲಿ ಯಾವುದು, ಬಿಗಿದದ್ದು ಯಾವುದು ಎಂದು ಮೊದಲು ಕೇಳಿ.

ತಾಳೆ ನೋಡಿದ್ದು

ಇಪ್ಪತ್ತರಲ್ಲಿ ಗುದ್ದಿದ್ದರೆ? ಎರಡೂ ಸೇರಿ 1.4 ಮೀಟರ್ ಹೋಗಿ ನಿಲ್ಲುತ್ತಿದ್ದವು. ನೂರಿಪ್ಪತ್ತು ಬೇಡ, ಎಂಬತ್ತರಲ್ಲಿ ಬ್ರೇಕು ಹಾಕಿದ್ದರೂ ಕಾರನ್ನು 17 ಮೀಟರ್ ತಳ್ಳಬೇಕಿತ್ತು. ಹೋದದ್ದು 5.8.

ತಗಡು ಏನು ಹೇಳುತ್ತದೆ? ಡಿಕ್ಕಿಯಲ್ಲಿ ಕಳೆದುಹೋದ ಚಲನಶಕ್ತಿ 39.5 ಕಿಲೋಜೌಲ್. ಎರಡೂ ಬದಿಯ ನುಗ್ಗು ಸೇರಿ 43.7 ಸೆಂ.ಮೀ. ಭಾಗಿಸಿದರೆ ಸರಾಸರಿ ಬಲ ಸುಮಾರು ಒಂಬತ್ತು ಟನ್ನಿನ ಭಾರದಷ್ಟು, ಅವಧಿ ಸೆಕೆಂಡಿನ ನೂರರಲ್ಲಿ ಏಳೆಂಟು ಭಾಗ. ಕಾರುಗಳ ಡಿಕ್ಕಿ ಮುಗಿಯುವುದು ಹೆಚ್ಚುಕಡಿಮೆ ಅಷ್ಟೇ ಹೊತ್ತಿನಲ್ಲಿ. ತಗಡಿನ ಗಡಸುತನದ ಅಂಕಿ ನನ್ನ ಬಳಿ ಇಲ್ಲದ್ದರಿಂದ ಇದರಿಂದಲೇ ವೇಗ ತೆಗೆಯಲು ಹೋಗಲಿಲ್ಲ, ತಾಳೆಗೆ ಮಾತ್ರ ಬಳಸಿದೆ.

ಅಕ್ಕನ ಕುತ್ತಿಗೆಗೆ ಸಂಬಂಧಿಸಿದ ಸಂಖ್ಯೆ 41 ಅಲ್ಲ, 25. ನಿಂತ ಕಾರು ಆ ಕ್ಷಣಾರ್ಧದಲ್ಲಿ ಸೊನ್ನೆಯಿಂದ 25 ಕಿ.ಮೀ.ಗೆ ಏರಿತು. ಬೆನ್ನನ್ನು ಸೀಟು ಮುಂದಕ್ಕೆ ತಳ್ಳಿತು, ತಲೆ ಇದ್ದಲ್ಲೇ ಉಳಿಯಿತು. ಇದಕ್ಕಿಂತ ಬಹಳ ಕಡಿಮೆ ವೇಗದಲ್ಲೂ ಕುತ್ತಿಗೆ ಉಳುಕುತ್ತದೆ. ಗ್ಯಾರೇಜಿನಲ್ಲಿ ನೋಡಿದಾಗ ಅಕ್ಕನ ಸೀಟಿನ ತಲೆದಿಂಬು ಪೂರ್ತಿ ಕೆಳಗಿನ ಕಂಡಿಯಲ್ಲಿತ್ತು. ಅದರ ಮೇಲಂಚು ಅವಳ ಕತ್ತಿನ ಮಟ್ಟಕ್ಕಿತ್ತು, ಇರಬೇಕಾದದ್ದು ನೆತ್ತಿಯ ಮಟ್ಟಕ್ಕೆ. ಗುಂಡಿ ಒತ್ತಿ ಮೇಲೆತ್ತಲು ಎರಡು ಸೆಕೆಂಡು ಸಾಕು. ನಮ್ಮ ಸೊಸೈಟಿಯಲ್ಲಿ ನಿಂತಿರುವ ಕಾರುಗಳಲ್ಲಿ ಇಣುಕಿದರೆ ಮುಕ್ಕಾಲು ಪಾಲು ದಿಂಬುಗಳು ಕೆಳಗೇ ಇವೆ. ಇದನ್ನು ಓದುತ್ತಿರುವವರು ಇವತ್ತೇ ಎತ್ತಿಡಿ.

ಮಾರ್ಚ್ 2, ಭಾನುವಾರ

ಒಂದೇ ಹಾಳೆಯಲ್ಲಿ ರಸ್ತೆಯ ನಕ್ಷೆ, ಅಳತೆಗಳು, ಮೂರು ಸಾಲಿನ ಲೆಕ್ಕ, ಮಿತಿಗಳು, ಬಲ್ಬಿನ ಚಿತ್ರ. ಒಟ್ಟು ಖರ್ಚು, ಬಳಕೆಗೆ ಬಾರದ ಡಿಜಿಟಲ್ ತಕ್ಕಡಿಯೂ ಸೇರಿ, 1,990 ರೂಪಾಯಿ. ಒಂದು ಪ್ರತಿ ಭಾವನಿಗೆ, ಒಂದು ಟೆಂಪೋ ಮಾಲೀಕರಿಗೆ. ವಿಮೆಯ ಸರ್ವೇಯರ್ ಹಾಳೆ ತೆಗೆದುಕೊಂಡರು, ವೇಗದ ಬಗ್ಗೆ ಏನೂ ಕೇಳಲಿಲ್ಲ. ನಿಂತ ವಾಹನಕ್ಕೆ ಹಿಂದಿನಿಂದ ಗುದ್ದಿದ ಮೇಲೆ ಅವರಿಗೆ ಅಷ್ಟೇ ಸಾಕಿತ್ತು. ಪರಿಹಾರದ ಮಾತು ಮುಂದೆ ನ್ಯಾಯಮಂಡಳಿಗೆ ಹೋದರೆ ಅಲ್ಲಿ ನನ್ನ ಹಾಳೆ ತಜ್ಞರ ಸಾಕ್ಷ್ಯವಾಗದು, ಆದರೆ ತಜ್ಞರಿಗೆ ಬೇಕಾದ ಅಳತೆಗಳು ಅದರಲ್ಲಿವೆ. ರಸ್ತೆಯ ಗೆರೆ ಈಗ ಮಾಸಿಹೋಗಿದೆ.

ಹುಡುಗ 55 ಎಂಬ ಸಂಖ್ಯೆಯನ್ನು ಮತ್ತೆ ಮತ್ತೆ ನೋಡಿದ. ಆ ವೇಗದಲ್ಲಿ, ಆ ಇಳಿಜಾರಿನಲ್ಲಿ, ಕಣ್ಣು ಕಂಡು ಕಾಲು ಬ್ರೇಕಿಗೆ ಹೋಗುವ ಒಂದೂವರೆ ಸೆಕೆಂಡಿನಲ್ಲೇ 23 ಮೀಟರ್ ಕಳೆದುಹೋಗುತ್ತದೆ, ಜಾರಿ ನಿಲ್ಲಲು ಮತ್ತೆ 19 ಬೇಕು ಎಂದು ತೋರಿಸಿದೆ. ಮೀಟರಿನ ಕೇಬಲ್ ಹಾಕಿಸಿದ್ದಾರಂತೆ.

ಜೂನಿನಲ್ಲಿ ಮೊದಲ ಮಳೆ ಬಿದ್ದ ಮೇಲೆ ಅದೇ ದಿಮ್ಮಿಯನ್ನು ಅದೇ ಜಾಡಿನಲ್ಲಿ ಎಳೆಯಬೇಕೆಂದಿದ್ದೇನೆ. ನಾಲ್ಕು ತಿಂಗಳ ಎಣ್ಣೆ, ಹುಡಿ ನೆನೆದ ದಿನ 0.66 ಎಷ್ಟಕ್ಕೆ ಇಳಿಯುತ್ತದೆ ಎಂದು ನೋಡಬೇಕು. ಡೇರಿಯ ಮಾಲೀಕರು ತಮ್ಮ ಕ್ಯಾಮೆರಾದಲ್ಲಿ ಮೇಲ್ಬದಿಯ ವಾಹನಗಳ ಮೇಲೆ ಕಣ್ಣಿಡಲು ಒಪ್ಪಿದ್ದಾರೆ.